ಮಗು ರಚ್ಚೆ ಹಿಡಿದಾಗ ದೊಡ್ಡವರು ಮಾಡಬೇಕಾದದ್ದು

ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು ಹಠ ಹಿಡಿದು ರಂಪ ಮಾಡುವುದು ಬೆಳವಣಿಗೆಯ ಸಹಜ ಹಂತ; ಅದು ಹೆತ್ತವರ ಸೋಲೂ ಅಲ್ಲ, ಮಗುವಿನ ದುರ್ಬುದ್ಧಿಯೂ ಅಲ್ಲ. ಭಯ, ಸಿಟ್ಟುಗಳನ್ನು ಎಬ್ಬಿಸುವ ಮೆದುಳಿನ ಒಳಭಾಗಗಳು ಎಳವೆಯಲ್ಲೇ ಚುರುಕಾಗಿರುತ್ತವೆ. ಆ ಆವೇಗವನ್ನು ತಡೆದು ಯೋಚಿಸುವಂತೆ ಮಾಡುವ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹಾಗಾಗಿ ಸಿಟ್ಟು ನೆತ್ತಿಗೇರಿದ ಮಗು ಪಕ್ಕದಲ್ಲಿರುವ ದೊಡ್ಡವರ ಆಸರೆಯಿಂದಲೇ ಸಮಾಧಾನಗೊಳ್ಳುವುದನ್ನು ಕಲಿಯಬೇಕಾಗುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗುವಿನ ಹಗಲು ಕಳೆಯುವುದು ಅಜ್ಜಿ, ತಾತ, ಆಯಾ ಅಥವಾ ಡೇ ಕೇರ್‌ನವರ ಜೊತೆಯಲ್ಲಾದ್ದರಿಂದ ಮುಂದಿನ ಮಾತುಗಳು ಅವರಿಗೂ ಸಲ್ಲುತ್ತವೆ.

ಮೊದಲು ನಿಮ್ಮ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಿ. ಸಂಜೆ ಡೇ ಕೇರ್‌ನಿಂದ ಕರೆತಂದ ಮೂರು ವರ್ಷದ ಮಗು, ಲಿಫ್ಟಿನ ಬಟನನ್ನು ಅಮ್ಮನೇ ಒತ್ತಿಬಿಟ್ಟಳೆಂದು ನೆಲಕ್ಕೆ ಬಿದ್ದು ಚೀರತೊಡಗಿದೆ ಎನ್ನಿ. ಬಾಗಿಲು ಮುಚ್ಚಲಾರದೆ ಮತ್ತೆ ಮತ್ತೆ ತೆರೆದುಕೊಳ್ಳುತ್ತಿದೆ, ಕೈಯಲ್ಲಿ ತರಕಾರಿ ಚೀಲವಿದೆ, ಹಿಂದೆ ನಿಂತ ಪಕ್ಕದ ಮನೆಯವರು ಗಡಿಯಾರ ನೋಡುತ್ತಿದ್ದಾರೆ. ಆ ಗಳಿಗೆಯಲ್ಲಿ ಉಕ್ಕುವ ಸಿಟ್ಟಿನಲ್ಲಿ ದೊಡ್ಡ ಪಾಲು ನೋಡುವವರು ಏನಂದುಕೊಂಡಾರೋ ಎಂಬ ಮುಜುಗರದ್ದು, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬಂದ ದಣಿವಿನದು. ಇಷ್ಟನ್ನು ನಮಗೆ ನಾವೇ ಒಪ್ಪಿಕೊಂಡರೆ ಮಗುವಿನ ಮೇಲಿನ ಕೋಪ ಎಷ್ಟೋ ಇಳಿಯುತ್ತದೆ. ಚೀಲ ಕೆಳಗಿಡಿ. "ನೀವು ಹೋಗಿ, ನಾವು ಆಮೇಲೆ ಬರ್ತೀವಿ" ಎಂದು ನೆರೆಯವರಿಗೆ ಹೇಳಿ. ಮೂಗಿನಿಂದ ಉಸಿರೆಳೆದುಕೊಂಡು, ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಮೆಲ್ಲಗೆ ಹೊರಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ. ನಿಧಾನವಾಗಿ ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ಎದೆಬಡಿತ ತಗ್ಗುತ್ತದೆ. ಮಾತು ಅದರ ನಂತರ.

ಆಮೇಲೆ ಮಗುವನ್ನು ಬಾಗಿಲಿನಿಂದ ಈಚೆ ಸರಿಸಿ, ಕುಕ್ಕರುಗಾಲಲ್ಲಿ ಕೂತು ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಕೆಲವು ಮಕ್ಕಳಿಗೆ ಅಪ್ಪಿಕೊಂಡರೆ ಸಾಕು, ಕೆಲವರಿಗೆ ಮುಟ್ಟಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ಕೈ ಚಾಚಿ ನೋಡಿ, ಕೊಸರಿಕೊಂಡರೆ ಸುಮ್ಮನೆ ಪಕ್ಕದಲ್ಲಿರಿ.

ಮೂರನೆಯದಾಗಿ, ಆದದ್ದನ್ನು ಒಂದೆರಡು ಮಾತಿನಲ್ಲಿ ಹೇಳಿ: "ಬಟನ್ ನೀನೇ ಒತ್ತಬೇಕು ಅಂತಿದ್ದೆ. ನಾನು ಒತ್ತಿಬಿಟ್ಟೆ. ಸಿಟ್ಟು ಬಂತು ಅಲ್ವಾ ಕಂದ?" ಅಲ್ಲಿಗೆ ನಿಲ್ಲಿಸಿ. "ಯಾಕೆ ಹೀಗಾಡ್ತೀಯ?" ಎಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ ಮಗುವಿನ ಬಳಿ ಉತ್ತರವಿರುವುದಿಲ್ಲ. ಗುಮ್ಮ ಬರುತ್ತಾನೆ, ಪೊಲೀಸ್ ಮಾಮ ಹಿಡಿದುಕೊಂಡು ಹೋಗುತ್ತಾರೆ, ಡಾಕ್ಟರ್ ಹತ್ತಿರ ಇಂಜೆಕ್ಷನ್ ಕೊಡಿಸುತ್ತೇನೆ ಎಂಬ ಬೆದರಿಕೆಗಳಿಂದ ಅಳು ನಿಂತರೂ ಹೆದರಿಕೆ ಉಳಿಯುತ್ತದೆ. ಪೊಲೀಸರಿಗೆ ಹೆದರುವಂತೆ ಬೆಳೆಸಿದ ಮಗು ನಾಳೆ ಕೆ.ಆರ್. ಮಾರುಕಟ್ಟೆಯ ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಯಾರ ಬಳಿ ಹೋದೀತು ಎಂಬುದನ್ನು ದಯವಿಟ್ಟು ಯೋಚಿಸಿ.

ನಾಲ್ಕನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಠಿಣ: ಸಿಟ್ಟಿಗೆ ಅವಕಾಶ ಕೊಟ್ಟು, ನಿಯಮವನ್ನು ಬಿಟ್ಟುಕೊಡದಿರುವುದು. ಮಗು ಕೈಯೆತ್ತಿದರೆ ಆ ಕೈಯನ್ನು ಮೃದುವಾಗಿ ಹಿಡಿದು, "ಸಿಟ್ಟು ಬರಲಿ, ಆದ್ರೆ ಹೊಡೆಯೋಕೆ ಬಿಡಲ್ಲ" ಎನ್ನಿ. ನೀವು ತಿರುಗಿ ಹೊಡೆದರೆ ಆ ಮಾತಿಗೆ ಬೆಲೆಯಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಶಿಕ್ಷಕರಿಗೆ ಸಲ್ಲದ್ದು ಮನೆಯವರಿಗೂ ಸಲ್ಲಬಾರದು. ಬೇಡವೆಂದ ಚಾಕೊಲೇಟನ್ನು ಹತ್ತು ನಿಮಿಷ ಅತ್ತ ಮೇಲೆ ಕೊಟ್ಟರೆ, ಮುಂದಿನ ಸಲ ಹದಿನೈದು ನಿಮಿಷ ಅಳುವುದನ್ನು ನಾವೇ ಕಲಿಸಿದಂತಾಗುತ್ತದೆ. ಕೈಗೆ ಮೊಬೈಲ್ ಕೊಟ್ಟರೆ ತಕ್ಷಣ ಮೌನವೇನೋ ಸಿಗುತ್ತದೆ, ಆದರೆ ಮಗುವಿಗೆ ತನ್ನನ್ನು ತಾನು ಸಂತೈಸಿಕೊಳ್ಳುವ ಅಭ್ಯಾಸ ತಪ್ಪಿಹೋಗುತ್ತದೆ.

ಇದು ನಡೆಯಬೇಕಾದರೆ ಮನೆಯವರೆಲ್ಲರ ಮಾತು ಒಂದಾಗಿರಬೇಕು. ಅಮ್ಮ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟರೆ ಮಗುವಿಗೆ ಗೊಂದಲವಾಗುತ್ತದೆ. ಹಾಗೆಂದು ಮಗುವಿನೆದುರೇ ಅಜ್ಜಿಯನ್ನು ಆಕ್ಷೇಪಿಸುವುದು ಇನ್ನೂ ಕೆಟ್ಟದ್ದು. ಅದು ಮಲಗಿದ ಮೇಲೆ, "ಅತ್ತೆ, ಅವನು ಹಠ ಮಾಡಿದಾಗ ಎಲ್ಲರೂ ಒಂದೇ ಥರ ಇರೋಣ, ಹೇಗೆ ಮಾಡೋಣ ಹೇಳಿ" ಎಂದು ಅವರ ಅನುಭವವನ್ನೂ ಕೇಳಿ. ಆಯಾ ಜೊತೆಗಿನ ಮಾತು ಇದಕ್ಕಿಂತ ಮುಖ್ಯವೆಂದು ನನಗನ್ನಿಸುತ್ತದೆ. ಮನೆಗೆ ಬಂದವರು "ಯಾಕೆ ಅಳಿಸ್ತಿದ್ದೀಯ?" ಎಂದು ಗದರಿಯಾರೆಂಬ ಭಯಕ್ಕೇ ಆಕೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವುದುಂಟು. ಮಗು ಅತ್ತರೆ ನಿಮ್ಮನ್ನು ದೂರುವುದಿಲ್ಲ ಎಂದು ಆಕೆಗೆ ಬಾಯಿಬಿಟ್ಟು ಹೇಳಿ, ಹಾಗೆಯೇ ನಡೆದುಕೊಳ್ಳಿ.

ಕೊನೆಯ ಹೆಜ್ಜೆ, ಬುದ್ಧಿಮಾತು. ಬಿಕ್ಕಳಿಕೆ ನಿಂತು, ನೀರು ಕುಡಿದು, ಮಗು ತೊಡೆಯ ಮೇಲೆ ಕೂತ ನಂತರ, "ಮುಂದಿನ ಸಲ 'ನಾನು ಒತ್ತುತ್ತೀನಿ' ಅಂತ ಮೊದಲೇ ಹೇಳು" ಎಂದರೆ ಅದು ಕಿವಿಗೆ ಬೀಳುತ್ತದೆ. ನೀವು ಕಿರುಚಿದ್ದರೆ ಕ್ಷಮೆ ಕೇಳಿ. ದಿನವೂ ಒಂದೇ ಹೊತ್ತಿಗೆ ರಂಪ ನಡೆಯುತ್ತಿದ್ದರೆ ಹಸಿವು, ನಿದ್ದೆಗಳತ್ತ ನೋಡಿ. ಡೇ ಕೇರ್‌ನ ಬಾಗಿಲಲ್ಲೇ ಒಂದು ಬಾಳೆಹಣ್ಣು ಕೊಟ್ಟರೆ ಎಷ್ಟೋ ಸಂಜೆಗಳು ಸುಸೂತ್ರವಾಗುತ್ತವೆ.

ಕೆಲವು ಮಕ್ಕಳು ಅಳುತ್ತಳುತ್ತ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಅರೆಗಳಿಗೆ ಪ್ರಜ್ಞೆ ತಪ್ಪುವುದೂ ಉಂಟು. ಮಗುವನ್ನು ಅಲುಗಾಡಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರಾಟ ಸರಿಹೋಗುತ್ತದೆ. ಹೋಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಸರಿಹೋದರೂ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಕಬ್ಬಿಣಾಂಶದ ಕೊರತೆ ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಮಗು ಪದೇ ಪದೇ ತಲೆ ಚಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ, ಕಲಿತ ಮಾತು ಹಿಂದೆ ಸರಿದಿದ್ದರೆ, ಐದಾರು ವರ್ಷವಾದರೂ ರಂಪ ಕಡಿಮೆಯಾಗದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಕಿ ಸಾಕಿ ಸೋತುಹೋದ ದೊಡ್ಡವರಿಗೂ ಆ ಸಂಖ್ಯೆ ತೆರೆದಿದೆ. ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ, ರಂಪ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ನಿಮಿಷ ನಡೆಯಿತು, ಅದಕ್ಕೆ ಮೊದಲು ಏನಾಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಜೊತೆಗೆ ಒಯ್ಯಿರಿ.