ಸಿಂಕಿನ ಗೀರು: ಎಳೆಯ ದಿಕ್ಕು ತಿಳಿದರೆ ಅರ್ಧ ಕೆಲಸ ಮುಗಿದಂತೆ

ಮಂಡ್ಯ ಸೀಮೆಯ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಮುದ್ದೆಯ ಪಾತ್ರೆಯನ್ನು ತೊಳೆಯುವ ಬಗೆಯನ್ನು ಗಮನಿಸಿದರೆ, ಸ್ಟೀಲ್ ಸಿಂಕಿನಲ್ಲಿ ಗೀರುಗಳು ಹೇಗೆ ಬೀಳುತ್ತವೆ ಎಂಬುದು ಅರ್ಥವಾಗುತ್ತದೆ. ತಳಕ್ಕೆ ಹಿಡಿದ ಸೀಕನ್ನು ಬಿಡಿಸಲು ಪಾತ್ರೆಯನ್ನು ಓರೆ ಮಾಡಿ, ಅದರ ಅಂಚನ್ನು ಸಿಂಕಿಗೆ ಊರಿ, ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಉಜ್ಜುತ್ತೇವೆ. ಪಾತ್ರೆ ತಿರುಗಿದಂತೆಲ್ಲ ಅಂಚು ಬಿಲ್ಲಿನಂತೆ ಬಾಗಿದ ಗೆರೆಯೊಂದನ್ನು ಎಳೆಯುತ್ತದೆ. ಆದರೆ ಆ ಪಾತ್ರೆ ಅಲ್ಯೂಮಿನಿಯಂನದಾಗಿದ್ದರೆ ಅದು ಸ್ಟೀಲಿಗಿಂತ ಮೆದು. ಸ್ಟೀಲನ್ನು ಕೊರೆಯುವ ಶಕ್ತಿ ಅದಕ್ಕಿಲ್ಲ. ಕೊರೆಯುವುದು ಅಂಚಿನಡಿ ಸಿಕ್ಕಿಕೊಂಡ ಮರಳಿನ ಕಣ. ಬೆಳಿಗ್ಗೆ ಬಸ್ಸಾರಿಗೆಂದು ತಂದ ಕೀರೆಸೊಪ್ಪನ್ನೋ ದಂಟುಸೊಪ್ಪನ್ನೋ ಅದೇ ಸಿಂಕಿನಲ್ಲಿ ತೊಳೆದಿರುತ್ತೇವೆ, ಮರಳು ಅಲ್ಲಿಯೇ ಉಳಿದಿರುತ್ತದೆ.

ಗೀರನ್ನು ಅಳಿಸುವ ಮಾತಿಗೆ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಗೀರು ಎಂದರೆ ಲೋಹದಲ್ಲಿ ಬಿದ್ದ ಸಣ್ಣ ಕಾಲುವೆ. ಅದನ್ನು ಯಾವ ಪುಡಿಯೂ ಯಾವ ಎಣ್ಣೆಯೂ ತುಂಬಲಾರದು. ನಾವು ಮಾಡಬಹುದಾದದ್ದು ಸುತ್ತಲಿನ ಲೋಹವನ್ನು ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಸವೆಸಿ, ಆ ಗೆರೆಯನ್ನು ಉಳಿದ ಗೆರೆಗಳ ಜೊತೆ ಬೆರೆಸುವುದು ಮಾತ್ರ. ಮಿರುಗದ, ಮ್ಯಾಟ್ ಎಂದು ಕರೆಯುವ ಸಿಂಕನ್ನು ಹತ್ತಿರದಿಂದ ನೋಡಿದರೆ ಅದರ ಮೈತುಂಬ ಒಂದೇ ದಿಕ್ಕಿಗೆ ಓಡುವ ನವಿರಾದ ಎಳೆಗಳಿರುತ್ತವೆ. ಅವೂ ಕಾರ್ಖಾನೆಯಲ್ಲಿ ಬೇಕೆಂದೇ ಮಾಡಿದ ಗೀರುಗಳೇ. ಎಳೆಗೆ ಅಡ್ಡವಾಗಿ ಬಿದ್ದ ಗೆರೆ ಕಣ್ಣಿಗೆ ಚುಚ್ಚುತ್ತದೆ. ಎಳೆಯ ಉದ್ದಕ್ಕೇ ಬಿದ್ದದ್ದು ಕಾಣುವುದೇ ಇಲ್ಲ. ಆದ್ದರಿಂದ ಈ ಕೆಲಸದಲ್ಲಿ ತೋಳಿನ ಬಲಕ್ಕಿಂತ ಕೈ ಓಡುವ ದಿಕ್ಕು ಮುಖ್ಯ.

ಹೀಗೆ ಉಜ್ಜಿದರೆ ಮೇಲಿನ ಲೇಪ ಕಿತ್ತುಹೋಗಿ ಸಿಂಕು ತುಕ್ಕು ಹಿಡಿಯುವುದಿಲ್ಲವೇ ಎಂದು ಹಲವರು ಅಂಜುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿಗೆ ಲೇಪವೆಂಬುದಿಲ್ಲ. ಅದರಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ; ಒಳ್ಳೆಯ ಸಿಂಕುಗಳಿಗೆ ಬಳಸುವ 304 ದರ್ಜೆಯಲ್ಲಿ ಸುಮಾರು ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್ ಇರುತ್ತವೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯನ್ನು ಕಟ್ಟುತ್ತದೆ, ಸವೆದಲ್ಲಿ ಮತ್ತೆ ತಾನಾಗಿ ಕಟ್ಟಿಕೊಳ್ಳುತ್ತದೆ. ಕಪ್ಪು ಅಥವಾ ಚಿನ್ನದ ಬಣ್ಣ ಹಚ್ಚಿದ ಹೊಸ ಬಗೆಯ ಸಿಂಕುಗಳಿಗೆ ಮಾತ್ರ ಈ ಮಾತು ಅನ್ವಯಿಸದು. ಅವುಗಳನ್ನೂ, ಜೇನುಗೂಡಿನಂತಹ ಉಬ್ಬು ವಿನ್ಯಾಸವಿರುವವುಗಳನ್ನೂ ಉಜ್ಜಲು ಹೋಗಬಾರದು.

ಗೀರೋ, ಕಲೆಯೋ?

ಮೊದಲು ಸಿಂಕನ್ನು ಬರಿದು ಮಾಡಿ, ಸೋಪಿನ ನೀರಿನಿಂದ ತೊಳೆದು, ಒಂದು ಕಣ ಮರಳೂ ಉಳಿಯದಂತೆ ಜಾಲಾಡಿಸಿ, ಒಣ ಬಟ್ಟೆಯಿಂದ ಒರೆಸಬೇಕು. ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಯಾದರೆ ಸ್ಟೀಲಿನ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟಿರುತ್ತದೆ, ಅದರಡಿ ಎಳೆಯೇ ಕಾಣುವುದಿಲ್ಲ. ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾಲು ಗಂಟೆ ಹೊದಿಸಿಟ್ಟು ಒರೆಸಿದರೆ ಪದರ ಸಡಿಲವಾಗುತ್ತದೆ. ಹುಣಸೆಹಣ್ಣಿನ ರಸವೂ ಇದೇ ಕೆಲಸವನ್ನು ಮಾಡುತ್ತದೆ, ಆದರೆ ಹಿತ್ತಾಳೆ ಬೆಳಗುವಾಗಿನ ಅಭ್ಯಾಸದಂತೆ ಅದಕ್ಕೆ ಉಪ್ಪು ಸೇರಿಸಬಾರದು. ವಿನೆಗರ್ ಹಾಕಿದ ಜಾಗಕ್ಕೆ ಬ್ಲೀಚ್ ತಾಗಿದರೆ ವಿಷಾನಿಲ ಏಳುತ್ತದೆ, ಎರಡನ್ನೂ ಒಟ್ಟಿಗೆ ಬಳಸಲೇಬಾರದು.

ಈಗ ಅಡುಗೆಮನೆಯ ದೀಪ ಆರಿಸಿ, ಟಾರ್ಚನ್ನು ಸಿಂಕಿನ ತಳಕ್ಕೆ ಸಮನಾಗಿ ಪಕ್ಕದಿಂದ ಬೆಳಗಿಸಿ ನೋಡಬೇಕು. ಎಳೆಗಳ ದಿಕ್ಕು ಆಗ ಸ್ಪಷ್ಟವಾಗುತ್ತದೆ. ತಳದಲ್ಲಿ ಒಂದು ದಿಕ್ಕು, ಪಕ್ಕದ ಗೋಡೆಗಳಲ್ಲಿ ಇನ್ನೊಂದು ದಿಕ್ಕು ಇರುವುದೂ ಉಂಟು. ಬಳಿಕ ಹೆಬ್ಬೆರಳಿನ ಉಗುರನ್ನು ಗೆರೆಗೆ ಅಡ್ಡಲಾಗಿ ಎಳೆಯಬೇಕು. ಉಗುರು ಎಲ್ಲಿಯೂ ತಡೆಯದೆ ಜಾರಿದರೆ, ಗೆರೆಯ ಬಣ್ಣ ಬೂದಿಯಾಗಿದ್ದರೆ, ಅದು ಗೀರೇ ಅಲ್ಲದಿರಬಹುದು. ಅಲ್ಯೂಮಿನಿಯಂ ಪಾತ್ರೆ ತಾನೇ ಸವೆದು ಸ್ಟೀಲಿನ ಮೇಲೆ ಬಿಟ್ಟುಹೋದ ಗುರುತು ಅದು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಬಟ್ಟೆಯಿಂದ ಎಳೆಯ ದಿಕ್ಕಿಗೆ ಉಜ್ಜಿದರೆ ಇಂತಹ ಗುರುತು ಬಹುಮಟ್ಟಿಗೆ ಹೋಗುತ್ತದೆ. ಅಡುಗೆ ಸೋಡಾದಿಂದ ಗೀರು ಮಾಯವಾಯಿತು ಎಂದು ಹೇಳುವವರ ಮನೆಯಲ್ಲಿ ಮಾಯವಾದದ್ದು ಇದೇ ಇರಬೇಕು ಎಂದು ನನ್ನ ಅನುಮಾನ.

ಉಜ್ಜುವ ಕ್ರಮ

ಉಗುರಿಗೆ ಸಿಗದಷ್ಟು ತೆಳುವಾದ ನಿಜವಾದ ಗೀರುಗಳಿಗೆ ಪಾತ್ರೆ ತಿಕ್ಕುವ ಹಸಿರು ನಾರಿನ ಪ್ಯಾಡ್ ಸಾಕು. ಹೊಸದು ಸ್ವಲ್ಪ ಒರಟಾಗಿರುತ್ತದೆಯಾದ್ದರಿಂದ ನಾಲ್ಕು ದಿನ ಬಳಸಿದ್ದು ಲೇಸು. ಉಗುರು ಸಿಕ್ಕಿಕೊಳ್ಳುವ ಗೀರುಗಳಿಗೆ ಪೇಂಟಿನವರು ವಾಟರ್ ಪೇಪರ್ ಎನ್ನುವ, ನೀರಿನಲ್ಲಿ ನೆನೆಸಿ ಬಳಸಬಹುದಾದ ಉಪ್ಪುಕಾಗದ ಬೇಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 220, 320, 400ನೇ ನಂಬರಿನ ಒಂದೊಂದು ಹಾಳೆ ಕೇಳಿ ತಂದರೆ ಸಾಕು. ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಮರಕ್ಕೆ ಬಳಸುವ ಸಾಮಾನ್ಯ ಉಪ್ಪುಕಾಗದ ನೀರು ಬಿದ್ದೊಡನೆ ಮುದ್ದೆಯಾಗುತ್ತದೆ.

ಕಾಗದವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿದ್ದಲ್ಲಿ ಮಾತ್ರ ಸವೆದು ಗುಳಿಯಂತೆ ಕಾಣುತ್ತದೆ. ಹಳೆಯ ಹವಾಯಿ ಚಪ್ಪಲಿಯಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ತುಂಡು ಕತ್ತರಿಸಿ ಅದಕ್ಕೆ ಕಾಗದ ಸುತ್ತಿಕೊಂಡರೆ, ಒತ್ತಡ ಸಮನಾಗಿ ಹರಡುವುದಲ್ಲದೆ ಸಿಂಕಿನ ಮೂಲೆಯ ಬಾಗಿಗೂ ಅದು ಒಗ್ಗುತ್ತದೆ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ 400ನೇ ನಂಬರಿನಿಂದ ಹತ್ತು ಬಾರಿ ಎಳೆದು ನೋಡಿ, ಬಣ್ಣದಲ್ಲಿ ವ್ಯತ್ಯಾಸ ಹೆಚ್ಚಿಲ್ಲವೆಂದು ಖಚಿತವಾದ ಮೇಲೆ ಗೀರಿನತ್ತ ಬರಬೇಕು.

ಸಿಂಕನ್ನು ಒದ್ದೆ ಮಾಡಿ, ಒಂದು ಹನಿ ಪಾತ್ರೆ ಸೋಪು ಹಾಕಿ, ಎಳೆಯ ದಿಕ್ಕಿಗೆ ಉದ್ದವಾಗಿ ಎಳೆಯಬೇಕು. ತುದಿ ತಲುಪಿದಾಗ ಕೈಯನ್ನು ಎತ್ತಿ, ಹೊರಟಲ್ಲಿಗೆ ಮರಳಿ, ಮತ್ತೆ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ತಿರುಗುವಲ್ಲಿ ಕೈ ತಾನಾಗಿ ಬಾಗುತ್ತದೆ, ಆ ಬಾಗು ಸ್ಟೀಲಿನ ಮೇಲೆ ಉಳಿಯುತ್ತದೆ. ಗೀರಿನ ಮೇಲಷ್ಟೇ ನಿಲ್ಲದೆ ಎರಡೂ ಬದಿಗೆ ಮೂರು ನಾಲ್ಕು ಅಂಗುಲದವರೆಗೆ, ಹೊರಕ್ಕೆ ಹೋದಂತೆ ಒತ್ತಡ ತಗ್ಗಿಸುತ್ತಾ, ಕೆಲಸವನ್ನು ಹರಡಬೇಕು. ಇಪ್ಪತ್ತು ಮೂವತ್ತು ಎಳೆತಗಳಿಗೊಮ್ಮೆ ತೊಳೆದು, ಒರೆಸಿ, ಟಾರ್ಚಿನಲ್ಲಿ ನೋಡಬೇಕು; ಒದ್ದೆ ಸ್ಟೀಲು ಎಲ್ಲ ಗೀರನ್ನೂ ಮುಚ್ಚಿಟ್ಟು ಮೋಸ ಮಾಡುತ್ತದೆ. 400ಕ್ಕೆ ಬಗ್ಗದ ಗೀರಿಗೆ 320, ಅದಕ್ಕೂ ಬಗ್ಗದಿದ್ದರೆ 220 ಹಿಡಿದು, ಗೀರು ಮಾಸಿದ ಮೇಲೆ ಅದೇ ಕ್ರಮದಲ್ಲಿ ನಯವಾದ ನಂಬರಿನತ್ತ ಹಿಂದಿರುಗಬೇಕು. ಆದರೆ ನಯವಾದಷ್ಟೂ ಒಳ್ಳೆಯದೆಂದು 1000, 1500 ಎಂದು ಮುಂದುವರಿದರೆ ಮ್ಯಾಟ್ ಸಿಂಕಿನ ನಡುವೆ ಕನ್ನಡಿಯಂತಹ ತೇಪೆ ಮೂಡಿ, ಗೀರಿಗಿಂತ ಹೆಚ್ಚು ಎದ್ದು ಕಾಣುತ್ತದೆ. ಕೊನೆಯದಾಗಿ ಹಸಿರು ಪ್ಯಾಡಿನಿಂದ ಇಡೀ ತಳವನ್ನು ಈ ಅಂಚಿನಿಂದ ಆ ಅಂಚಿಗೆ ಹಗುರವಾಗಿ ಎಳೆದರೆ ಹೊಸ ಜಾಗ ಹಳೆಯದರೊಡನೆ ಹೊಂದಿಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುವ ಸಿಂಕುಗಳಿಗೆ ಈ ಕ್ರಮ ಒಗ್ಗದು. ಅವುಗಳನ್ನು ಪಾಲಿಶ್ ಮಾಡುವವರಿಗೇ ಬಿಡುವುದು ಲೇಸು.

ಉಜ್ಜಲು ಕಬ್ಬಿಣದ ನಾರು, ತಂತಿ ಬ್ರಷ್ಷು ಖಂಡಿತ ಬೇಡ. ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಲ್ಲಿಯ ಕೆಳಗಿನ ಜಾಗವನ್ನು ಕಬ್ಬಿಣದ ನಾರಿನಿಂದ ಸುತ್ತಸುತ್ತಾಗಿ ತಿಕ್ಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ರಾಗಿ ಕಾಳು ಚೆಲ್ಲಿದಂತೆ ಕೆಂಪು ಚುಕ್ಕೆಗಳು. ತುಕ್ಕು ಹಿಡಿದದ್ದು ಸಿಂಕಲ್ಲ, ಅದರ ಗೀರುಗಳಲ್ಲಿ ಮುರಿದು ಉಳಿದ ನಾರಿನ ಚೂರುಗಳು. ವಿನೆಗರಿನಿಂದ ಅವು ಹೋದವು, ಸುತ್ತುಗೆರೆಗಳನ್ನು ಅಳಿಸಲು ಮಾತ್ರ ಎರಡು ಭಾನುವಾರ ಬೇಕಾದವು.

ಕೆಲಸ ಮುಗಿದ ಮೇಲೆ ಲೋಹದ ಪುಡಿ ಉಳಿಯದಂತೆ ಎರಡು ಸಲ ತೊಳೆದು, ಒರೆಸಿ, ಒಂದು ದಿನ ಉಪ್ಪಿನಕಾಯಿ ಭರಣಿ, ಬ್ಲೀಚ್, ಕಬ್ಬಿಣದ ಕಾವಲಿ ಇವುಗಳನ್ನು ಅದರಲ್ಲಿ ಇಡದಿದ್ದರೆ ಪೊರೆ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಒರೆಸಿದರೆ ಅಳಿದುಳಿದ ಗೆರೆ ಕೆಲವು ದಿನ ಮರೆಯಾಗಿರುತ್ತದೆ. ಅದು ದುರಸ್ತಿಯಲ್ಲ, ನೆಂಟರು ಬರುವ ದಿನದ ಉಪಾಯ. ಚಾಕು ಜಾರಿ ಬಿದ್ದ ಆಳವಾದ ಗಾಯವಿದ್ದರೆ ಅದನ್ನು ಪೂರ್ತಿ ಅಳಿಸುವ ಹಟ ಬೇಡ, ಏಕೆಂದರೆ ಮನೆಯ ಸಿಂಕಿನ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಅಂಚಿನ ಹರಿತ ಹೋಗುವಷ್ಟು ನಯಗೊಳಿಸಿ ಬಿಡಬೇಕು.

ಇನ್ನು ಮುಂದೆ ಸೊಪ್ಪನ್ನು ಸಿಂಕಿನಲ್ಲಿ ಸುರಿಯದೆ ಅಗಲವಾದ ಬೋಗುಣಿಯಲ್ಲಿ ತೊಳೆದು, ತಳದಲ್ಲಿ ಕುಳಿತ ಮರಳನ್ನು ನೀರಿನೊಡನೆ ಗಿಡದ ಬುಡಕ್ಕೆ ಚೆಲ್ಲುವುದು ಒಳ್ಳೆಯದು. ಸಿಂಕಿಗೆ ರಬ್ಬರ್ ಹಾಸು ಹಾಕುವವರು ರಾತ್ರಿ ಅದನ್ನು ಎತ್ತಿಡಬೇಕು, ಇಲ್ಲದಿದ್ದರೆ ಅದರಡಿ ನಿಂತ ನೀರು ಕಲೆ ಮಾಡುತ್ತದೆ. ಉಳಿದ ವಾಟರ್ ಪೇಪರನ್ನು ಒಣಗಿಸಿ, ಪ್ರತಿ ತುಂಡಿನ ಹಿಂದೆಯೂ ನಂಬರನ್ನು ಪೆನ್ನಿನಿಂದ ಬರೆದಿಟ್ಟರೆ ಮುಂದಿನ ಸಲ 220 ಯಾವುದು, 400 ಯಾವುದು ಎಂದು ಸವರಿ ಸವರಿ ಊಹಿಸಬೇಕಾಗುವುದಿಲ್ಲ.