ಪುಣೆಯ ಎರೆಮಣ್ಣಿಗೆ ಬೂದಿ ಹಾಕಿ ನಾನು ಕಲಿತದ್ದು

ಶಿರಸಿಯ ಕಡೆಯ ಕೆಂಪು ಮಣ್ಣಿನಲ್ಲಿ ನಮ್ಮ ಅಮ್ಮ ಬಸಳೆ, ಹರಿವೆಗಳ ಬುಡಕ್ಕೆ ತಪ್ಪದೆ ಒಲೆಯ ಬೂದಿ ಹಾಕುತ್ತಿದ್ದರು. ಜಡಿಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಹುಳಿಯಾದ ಮಣ್ಣಿಗೆ ಬೂದಿ ಒಳ್ಳೆಯದೇ. ಅದು ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಶನ್ನೂ ಕೊಡುತ್ತದೆ. ಪುಣೆಯ ಧಾಯರಿಯಲ್ಲಿ ಮನೆ ಮಾಡಿ, ಹಿತ್ತಲಿನಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಜಾಗ ಸಿಕ್ಕಾಗ ನಾನೂ ಅದನ್ನೇ ಮಾಡಿದೆ. ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಇಂದಿಗೂ ಸ್ನಾನದ ನೀರನ್ನು ತಾಮ್ರದ ಬಂಬಿನಲ್ಲಿ ಕಟ್ಟಿಗೆ ಉರಿಸಿ ಕಾಯಿಸುತ್ತಾರಾದ್ದರಿಂದ ಬೂದಿಗೆ ಕೊರತೆಯಿರಲಿಲ್ಲ.

ಮಳೆಗಾಲದ ನಡುವೆ ಅಲಸಂದೆಯ ಚಿಗುರು ಹಳದಿಯಾಯಿತು. ಗೊಬ್ಬರ ಸಾಲದೆಂದು ಭಾವಿಸಿ ಸಗಣಿ ಗೊಬ್ಬರ ಸುರಿದೆ, ಇನ್ನಷ್ಟು ಬೂದಿ ಹಾಕಿದೆ. ಹಳದಿ ಇನ್ನೂ ಹೆಚ್ಚಿತು. ನಾನು ಎಲೆಯನ್ನು ಸರಿಯಾಗಿ ನೋಡಿರಲಿಲ್ಲ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳು. ಇಲ್ಲಿ ಅವು ಹಸಿರಾಗಿಯೇ ಇದ್ದು, ತುದಿಯ ಎಳೆಯ ಎಲೆಗಳು ಮಾತ್ರ ಬಿಳಿಚಿಕೊಂಡಿದ್ದವು. ಅವುಗಳ ನರಗಳು ಹಸಿರು ಗೆರೆಗಳಂತೆ ಎದ್ದು ಕಾಣುತ್ತಿದ್ದವು. ಅದು ಕಬ್ಬಿಣದ ಕೊರತೆಯ ಗುರುತು.

ಕಾಕು ಬಂದು ಒಂದು ಹೆಂಟೆ ಒಡೆದು, ಒಳಗಿನ ಬಿಳಿ ಹರಳುಗಳನ್ನು ತೋರಿಸಿ "ಚುನಖಡಿ" ಎಂದರು, ಮರಾಠಿಯಲ್ಲಿ ಸುಣ್ಣದ ಕಲ್ಲು. ಒಂದು ಹಿಡಿ ಒಣ ಮಣ್ಣನ್ನು ತಟ್ಟೆಗೆ ಹಾಕಿ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಅದು ಸೋಡಾದ ಹಾಗೆ ಚುರ್ರೆಂದು ನೊರೆಯೆದ್ದಿತು. ಮಣ್ಣಿನಲ್ಲಿ ಸುಣ್ಣ ತುಂಬಿದೆ ಎನ್ನಲು ಅಷ್ಟು ಸಾಕಾಗಿತ್ತು. ಆದರೂ ಪರೀಕ್ಷೆ ಮಾಡಿಸಿದೆ, ರಸಸಾರ (ಹುಳಿ-ಕ್ಷಾರದ ಅಳತೆ, pH) 8.3 ಬಂತು, ಅಂದರೆ ಮಣ್ಣು ಕ್ಷಾರ. ದಖ್ಖನ್ನಿನ ಕಪ್ಪು ಕಲ್ಲು ಸವೆದು ಆದ ಈ ಎರೆಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಸುಣ್ಣವಿರುವೆಡೆ ಅದು ಕರಗದ ರೂಪದಲ್ಲಿ ಉಳಿಯುವುದರಿಂದ ಬೇರಿಗೆ ದಕ್ಕುವುದಿಲ್ಲ. ನೀರು ನಿಂತರಂತೂ ತೊಂದರೆ ಇಮ್ಮಡಿಯಾಗುತ್ತದೆ. ಸುಣ್ಣ ತುಂಬಿದ ನೆಲಕ್ಕೆ ನಾನು ಬೂದಿಯ ರೂಪದಲ್ಲಿ ಮತ್ತಷ್ಟು ಕ್ಷಾರವನ್ನೇ ಉಣಿಸಿದ್ದೆ.

ತಕ್ಷಣದ ಉಪಚಾರಕ್ಕೆ ಅನ್ನಭೇದಿ, ಅಂದರೆ ನೀರಿನಲ್ಲಿ ಕರಗುವ ಕಬ್ಬಿಣದ ಲವಣ (ಫೆರಸ್ ಸಲ್ಫೇಟ್), ತಂದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ. ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿದೆ. ಈ ದ್ರಾವಣವನ್ನು ಅಂದೇ ಮುಗಿಸಬೇಕು, ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದಾಗುತ್ತದೆ. ವಾರದೊಳಗೆ ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕಿ ಮೂಡಿ, ಹಳದಿ ಎಲೆಗಳು ರಂಗೋಲಿ ಇಟ್ಟಂತೆ ಕಂಡವು. ಹತ್ತು ದಿನಗಳಿಗೊಮ್ಮೆ, ಒಟ್ಟು ಮೂರು ಬಾರಿ ಸಿಂಪಡಿಸಿದೆ.

ದೀಪಾವಳಿಯ ನಂತರ ಏರುಮಡಿ ಕಟ್ಟಿದೆ. ಓಡಾಡಲು ಹಾಸಿದ್ದು ಪುಣೆಯಲ್ಲಿ ಎಲ್ಲೆಲ್ಲೂ ಕಾಣುವ, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು. ಮಡಿಯ ಅಂಚಿಗೂ ಅದನ್ನೇ ನಿಲ್ಲಿಸುವ ಮನಸ್ಸಿತ್ತು, ಆದರೆ ಅದೂ ಸುಣ್ಣದ ಕಲ್ಲೇ ಎಂಬುದು ನೆನಪಾಗಿ ಇಟ್ಟಿಗೆ ಜೋಡಿಸಿದೆ, ಸಿಮೆಂಟನ್ನೂ ಬಳಸಲಿಲ್ಲ. ಎತ್ತರ ಒಂದು ಅಡಿ. ಹರಳುಗಳನ್ನು ಜರಡಿಯಲ್ಲಿ ತೆಗೆದ ಎರೆಮಣ್ಣು ಎರಡು ಪಾಲು, ಕಾಂಪೋಸ್ಟ್ ಎರಡು ಪಾಲು, ಭತ್ತದ ಹೊಟ್ಟು ಒಂದು ಪಾಲು ಬೆರೆಸಿ ತುಂಬಿ, ಮೇಲೆ ಒಣ ಎಲೆಗಳನ್ನು ಹೊದಿಸಿದೆ. ಗಂಧಕ ಹಾಕಿ ಮಣ್ಣಿನ ಕ್ಷಾರವನ್ನೇ ತಗ್ಗಿಸುವ ಸಲಹೆಯೂ ಬಂದಿತ್ತು. ಇಷ್ಟು ಸುಣ್ಣವಿರುವ ನೆಲದಲ್ಲಿ ಹಾಕಿದ್ದನ್ನೆಲ್ಲ ಸುಣ್ಣವೇ ನುಂಗುವುದರಿಂದ ಆ ಹಣವನ್ನು ಕಾಂಪೋಸ್ಟಿಗೆ ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ.

ಮುಂದಿನ ಮಳೆಗಾಲದಲ್ಲಿ ಮಡಿಯಲ್ಲಿ ನೀರು ನಿಲ್ಲಲಿಲ್ಲ, ಅಲಸಂದೆ ತುದಿಯವರೆಗೂ ಹಸಿರಾಗಿತ್ತು. ಮೂಲೆಯಲ್ಲಿ ನೇರವಾಗಿ ನೆಲದಲ್ಲಿರುವ ನಿಂಬೆ ಗಿಡ ಮಾತ್ರ ಇನ್ನೂ ಹಳದಿ ಚಿಗುರು ಬಿಡುತ್ತಿದೆ; ಅದಕ್ಕೆ ಪ್ರತಿ ಹೊಸ ಚಿಗುರಿಗೂ ಅನ್ನಭೇದಿ ಸಿಂಪಡಿಸುತ್ತಿದ್ದೇನೆ. ಕಾಕುವಿನ ಬಂಬಿನ ಬೂದಿ ಈಗ ಪಾತ್ರೆ ತಿಕ್ಕಲು ಹೋಗುತ್ತದೆ.