ಮಳೆಗಾಲದಲ್ಲಿ ತೊಡದೇವು: ನನ್ನ ಅನುಭವ

ಆಯಿ, ಅಂದರೆ ನನ್ನ ಅಮ್ಮ, ತೀರಿಹೋಗಿದ್ದು ಆಷಾಢದಲ್ಲಿ. ಮರುವರ್ಷ ಅದೇ ಹೊತ್ತಿಗೆ ಅವಳ ಮಡಕೆ ಅಟ್ಟದಿಂದ ಇಳಿಸಿ ತೊಡದೇವು ಮಾಡಬೇಕು ಅನ್ನಿಸಿತು. ಬೋರಲು ಹಾಕಿದ ಬಿಸಿ ಮಡಕೆ ಮೇಲೆ, ಕಬ್ಬಿನ ಹಾಲಲ್ಲಿ ಕಲೆಸಿದ ಅಕ್ಕಿ ಹಿಟ್ಟು ಬಳಿದು ಎಬ್ಬಿಸುವ, ಹಾಳೆಯಷ್ಟು ತೆಳ್ಳಗಿನ ಸಿಹಿ ತಿಂಡಿ ಅದು. ಕಬ್ಬು ಗಾಣಕ್ಕೆ ಹಾಕುವ ಆಲೆಮನೆ ಶುರುವಾಗುವವರೆಗೆ ಕಾಯಲು ಮನಸ್ಸಿರಲಿಲ್ಲ. "ಮಳೆಗಾಲದಲ್ಲಿ, ಅದೂ ಗ್ಯಾಸ್ ಮೇಲೆ? ಆಗ್ತಿಲ್ಲೆ ತಂಗಿ," ಅಂದರು ದೊಡ್ಡಮ್ಮ. ಶಿರಸಿ ಮಳೆ ಗೊತ್ತಲ್ವಾ, ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ.

ಮೊದಲ ದಿನವೇ ಆಯಿಯ ಮಡಕೆ ಒಡೆಯಿತು. ತಣ್ಣಗೆ ಮಲಗಿದ್ದ ಮಡಕೆಗೆ ಒಮ್ಮೆಲೇ ದೊಡ್ಡ ಉರಿ ಕೊಟ್ಟಿದ್ದೆ. ಟಪ್ ಅಂತ ಸದ್ದು, ಬುಡದಿಂದ ಬಾಯಿವರೆಗೆ ಸೀಳು. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು.

ಹೊಸ ಮಡಕೆಗೆ 250ವೋ 300ವೋ ಕೊಟ್ಟೆ. ಪಳಗಿಸಲು ಒಂದು ವಾರ. ಆದರೂ ಹಾಳೆ ಏಳಲಿಲ್ಲ. ಗ್ಯಾಸ್ ಮೇಲೆ ಮಡಕೆ ಬೋರಲು ಹಾಕಿದರೆ ಒಳಗೆ ಗಾಳಿಯಿಲ್ಲ. ಉರಿ ಹಳದಿಯಾಗುತ್ತದೆ, ಮಸಿ ಹಿಡಿಯುತ್ತದೆ, ನಡುವೆ ಮಾತ್ರ ಕಾಯುತ್ತದೆ. ಮೂರು ಹಂಚಿನ ಚೂರು ಇಟ್ಟು ಬಾಯಿಯನ್ನು ಎರಡು ಬೆರಳು ಎತ್ತರಿಸಿದೆ. ಉರಿ ನೀಲಿಗೆ ತಿರುಗಿತು. ಇಷ್ಟು ಹೊಳೆಯಲು ನನಗೆ ಹತ್ತು ದಿನ ಬೇಕಾಯಿತು!

ಕಬ್ಬಿನ ಹಾಲಿನ ಬದಲು ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ. ಮೊದಲು ಒಂದು ಲೋಟ ಅಕ್ಕಿಗೆ ಒಂದು ಲೋಟ ಜೋನಿ ಸುರಿದಿದ್ದೆ. ಅಂಟಿಕೊಂಡು ಕರಕಲಾಯಿತು, ಮಡಕೆ ಕೆರೆದು ಕೆರೆದು ಉಗುರು ಹೋಯಿತು. ಈಗ ಸುಮಾರು ಕಾಲು ಲೋಟ, ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗೆ. ಚಿಟಿಕೆಯಷ್ಟು ಇನ್ನೊಂದು ಸಾಮಾನು ಬೀಳುತ್ತದೆ. ಅದು ಆಯಿಯದು, ಬರೆಯುವುದಿಲ್ಲ.

ಅಕ್ಕಿ, ಜೋನಿ, ಬೇಗ ಖಾಲಿಯಾದ ಸಿಲಿಂಡರ್ ಎಲ್ಲ ಸೇರಿ ಒಂದೂವರೆ ಸಾವಿರ ದಾಟಿತು. ನಮ್ಮ ಮನೆಯವರು ಲೆಕ್ಕ ಹಾಕಿಯೇ ಹೇಳಿದರು.

ನಡುವೆ ಸುಮ್ನೆ ಹಲಸಿನ ಹಣ್ಣಿನ ರಸ ಹಾಕಿ ನೋಡಿದೆ. ಪರಿಮಳ ಮನೆತುಂಬ, ಆದರೆ ನಾರು ಬಟ್ಟೆಗೆ ಸಿಕ್ಕಿಕೊಂಡು ಹಾಳೆ ಹರಿಯಿತು. ಮುರುಗಲು (ಪುನರ್ಪುಳಿ) ನೀರಿನದ್ದಕ್ಕೆ ಬಣ್ಣ ಬಂತು, ಬಾಯಿಗೆ ಹಿಡಿಸಲಿಲ್ಲ. ಶುಂಠಿ ರಸ ಉಳಿದುಕೊಂಡಿತು.

ಕೈಗೆ ಮಾತ್ರ ಮನಸ್ಸನ್ನು ಮುಚ್ಚಿಡಲು ಬರುವುದಿಲ್ಲ. ಹಿಟ್ಟಲ್ಲಿ ಅದ್ದಿದ ಬಟ್ಟೆ ಒಂದೇ ಉಸಿರಿಗೆ ಈ ಬದಿಯಿಂದ ಆ ಬದಿಗೆ ಹೋಗಬೇಕು. ಚುಂಯ್ ಅನ್ನುತ್ತಲೇ ಅಂಚು ಏಳುತ್ತದೆ, ಬಿಸಿಯಲ್ಲೇ ಮೂರು ಮೂಲೆಗೆ ಮಡಚಬೇಕು. ಸಿಟ್ಟಿದ್ದ ದಿನ ಬಟ್ಟೆ ನಡುವೆ ತಡೆಯುತ್ತದೆ, ಅಲ್ಲೊಂದು ದಪ್ಪ ಗೆರೆ. ಇವರು ಆ ಗೆರೆ ನೋಡಿಯೇ ಮೆಲ್ಲಗೆ ಹೊರಗೆ ಜಾರುತ್ತಾರೆ. ಆಯಿ ನೆನಪು ಜಾಸ್ತಿಯಾದ ದಿನ ಮಾತ್ರ ಹಾಳೆ ಎಷ್ಟು ತೆಳ್ಳಗೆ ಬಂತೆಂದರೆ, ಆಚೆ ಹಿಡಿದ ಬೆರಳು ಕಾಣುತ್ತಿತ್ತು.

ಡಬ್ಬಿಯನ್ನು ಬಚ್ಚಲೊಲೆ ಪಕ್ಕ ಬೆಚ್ಚಗೆ ಇಟ್ಟಿದ್ದರಿಂದ ನಾಲ್ಕು ದಿನ ಗರಿಗರಿ ಉಳಿಯಿತು.

ದೊಡ್ಡಮ್ಮ ಬಂದು ಎರಡು ತಿಂದರು. ಮೂರನೆಯದಕ್ಕೆ ಕೈ ಹಾಕುತ್ತ, "ಜೋನಿ ಎಷ್ಟು ಹಾಕ್ದೆ?" ಅಂದರು. ಹೇಳಿದೆ. "ಮತ್ತೆಂತ ಹಾಕ್ದೆ?" ಅಂದಾಗ ತುಪ್ಪ ತರಲು ಒಳಗೆ ಹೋದೆ.